ಜೆಪ್ಲಿನ್‌ನ ಹಿಂದೆ ಉಳಿದ ಹಾಡುಗಳು: ಯಾರ ವಾದ ಸರಿ?

ಪ್ರಶ್ನೆ: ನಾವು ಕಾರವಾರದ ನಾಲ್ವರು ಗೆಳೆಯರು, ಚಿಕ್ಕದೊಂದು ಬ್ಯಾಂಡ್ ಕಟ್ಟಿಕೊಂಡಿದ್ದೇವೆ. ಸಂಜೆ ಟಾಗೋರ್ ಬೀಚಿನಲ್ಲಿ ಕೂತು ಬ್ಲೂಟೂತ್ ಸ್ಪೀಕರಿನಲ್ಲಿ ಬ್ರಿಟನ್ನಿನ ಹಳೆಯ ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್ ಹಾಡು ಕೇಳುತ್ತೇವೆ, ಆಮೇಲೆ ವಾದ ಶುರುವಾಗುತ್ತದೆ. ಒಬ್ಬ ಹೇಳುತ್ತಾನೆ, 'ಚೆನ್ನಾಗಿದ್ದಿದ್ದರೆ ಐವತ್ತು ವರ್ಷದಲ್ಲಿ ಹಿಟ್ ಆಗುತ್ತಿರಲಿಲ್ವಾ?' ಇನ್ನೊಬ್ಬನ ಪ್ರಕಾರ 'ಸ್ಟೇರ್‌ವೇ ಟು ಹೆವನ್' ಕೇಳುವವರು ಅಭಿಮಾನಿಗಳೇ ಅಲ್ಲ, ಯಾರೂ ಕೇಳದ ಹಾಡುಗಳಲ್ಲೇ ನಿಜವಾದ ಜೆಪ್ಲಿನ್ ಇದೆ. ನನಗೆ 'ಟೆನ್ ಇಯರ್ಸ್ ಗಾನ್' ಇಷ್ಟ. ನಮ್ಮ ಡ್ರಮ್ಸ್ ಹುಡುಗನಿಗೆ 'ಫೋರ್ ಸ್ಟಿಕ್ಸ್'. ಯಾರದು ಸರಿ ಸರ್? ಇಂಥ ಹಾಡುಗಳಲ್ಲಿ ಒಂದನ್ನು ನಾವು ವೇದಿಕೆಯಲ್ಲಿ ನುಡಿಸಬೇಕು ಅಂತಿದ್ದರೆ ಯಾವುದನ್ನು ಆರಿಸಿಕೊಳ್ಳೋಣ?

ಉತ್ತರ: ನಿಮ್ಮ ಮೊದಲ ಗೆಳೆಯನ ಮಾತಿನಿಂದಲೇ ಶುರು ಮಾಡುತ್ತೇನೆ. ಶಿರಸಿಯಲ್ಲಿ ನನ್ನ ಹತ್ತಿರ ಗಿಟಾರ್ ಕಲಿಯಲು ಬರುವ ಹುಡುಗರಿಂದಲೂ ಈ ಮಾತು ಕೇಳಿದ್ದೇನೆ. ಚೆನ್ನಾಗಿರುವುದು ತಾನಾಗಿಯೇ ಮೇಲೆ ಬರುತ್ತದೆ ಎಂಬ ನಂಬಿಕೆ ಅದು. ಆದರೆ ಜೆಪ್ಲಿನ್ ವಿಷಯದಲ್ಲಿ ಯಾವ ಹಾಡು ಮೇಲೆ ಬಂತು, ಯಾವುದು ಹಿಂದೆ ಉಳಿಯಿತು ಎನ್ನುವುದಕ್ಕೆ ಹೆಚ್ಚಿನ ಸಲ ಹಾಡಿನ ಗುಣ ಕಾರಣವೇ ಅಲ್ಲ. ಆದ್ದರಿಂದ ಒಂದು ಹಾಡಿನ ಬಗ್ಗೆ ವಾದ ಮಾಡುವ ಮೊದಲು ಅದು ಏಕೆ ಹಿಂದೆ ಉಳಿಯಿತು ಎಂದು ಕೇಳಿಕೊಳ್ಳಿ. ಉತ್ತರ ಪ್ರತಿ ಹಾಡಿಗೂ ಬೇರೆ ಇರುತ್ತದೆ.

1970ರ ಒಂದು ಉದಾಹರಣೆ ನೋಡಿ. ಇವರ ಮ್ಯಾನೇಜರ್ ಪೀಟರ್ ಗ್ರಾಂಟ್‌ಗೆ ಸಿಂಗಲ್, ಅಂದರೆ ಮಗ್ಗುಲಿಗೊಂದು ಹಾಡಿನ ಚಿಕ್ಕ ರೆಕಾರ್ಡು, ಕಂಡರೆ ಆಗುತ್ತಿರಲಿಲ್ಲ. ಜನ ಇಡೀ ಆಲ್ಬಮ್ಮನ್ನೇ ಕೊಳ್ಳಬೇಕು, ಇಡಿಯಾಗಿ ಕೇಳಬೇಕು ಎಂದು ಅವರ ಹಟ. ಬ್ಯಾಂಡ್ ಇದ್ದಷ್ಟು ಕಾಲ ಬ್ರಿಟನ್ನಿನಲ್ಲಿ ಸಿಂಗಲ್ ಬಿಡುಗಡೆ ಮಾಡಲಿಲ್ಲ. 'ಸ್ಟೇರ್‌ವೇ' ಅಂತೂ ಅಮೆರಿಕದಲ್ಲೂ ಸಿಂಗಲ್ ಆಗಿ ಮಾರಾಟಕ್ಕೆ ಬರಲಿಲ್ಲ, ಎಂಟು ನಿಮಿಷದ ಆ ಹಾಡನ್ನು ಎತ್ತಿ ಹಿಡಿದದ್ದು ಅಮೆರಿಕದ ಎಫ್‌ಎಂ ಕೇಂದ್ರಗಳು. ಆದರೆ ಅಲ್ಲಿ ಅಟ್ಲಾಂಟಿಕ್ ಎಂಬ ರೆಕಾರ್ಡ್ ಕಂಪನಿ ಬೇರೆ ಹಾಡುಗಳ ಸಿಂಗಲ್‌ಗಳನ್ನು ಹೊರಡಿಸುತ್ತಿತ್ತು. ಹಾಗೆ 'ಇಮಿಗ್ರಂಟ್ ಸಾಂಗ್' ಬಂದಾಗ ಅದರ ಹಿಂಬದಿಗೆ 'ಹೇ ಹೇ ವಾಟ್ ಕ್ಯಾನ್ ಐ ಡೂ' ಎಂಬ ಹಾಡನ್ನು ಹಾಕಿದರು. ಅದು ಆಗ ಅವರ ಯಾವ ಆಲ್ಬಮ್ಮಿನಲ್ಲೂ ಇರಲಿಲ್ಲ. ಬ್ಯಾಂಡ್‌ನ ಎಂಟು ಸ್ಟುಡಿಯೋ ಆಲ್ಬಮ್ ಕೊಂಡವರಿಗೂ ಅದು ಸಿಗಲಿಲ್ಲ. ಜೆಪ್ಲಿನ್‌ನದೇ ಸಂಗ್ರಹದಲ್ಲಿ ಅದು ಸೇರಿದ್ದು 1990ರ ಬಾಕ್ಸ್ ಸೆಟ್ಟಿನಲ್ಲಿ. ಎದ್ದು ಹಾಡಬೇಕೆನಿಸುವ ಹಾಡು ಅದು. ಇಪ್ಪತ್ತು ವರ್ಷ ಜನರಿಗೆ ಸರಿಯಾಗಿ ಸಿಗಲೇ ಇಲ್ಲ ಅಂದರೆ ಹಾಡಿನ ತಪ್ಪೇನು?

ಇನ್ನೊಂದು ಕಾರಣ ಜಾಗದ್ದು. 1974ರಲ್ಲಿ ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದಲ್ಲಿ ಇವರು ಎಂಟು ಹೊಸ ಹಾಡು ಮಾಡಿದರು. ಆಗಿನ ಎಲ್‌ಪಿಯ, ಅಂದರೆ ದೊಡ್ಡ ಗ್ರಾಮಾಫೋನ್ ತಟ್ಟೆಯ, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದ ಆಸುಪಾಸು ಹಿಡಿಯುತ್ತಿತ್ತು. ಎಂಟು ಹಾಡು ಒಂದು ಎಲ್‌ಪಿಗೆ ಜಾಸ್ತಿ, ಎರಡಕ್ಕೆ ಕಡಿಮೆ. ಹಾಗಾಗಿ ಹಿಂದಿನ ಮೂರು ಆಲ್ಬಮ್‌ಗಳ ಕಾಲದಲ್ಲಿ ಮಾಡಿ ಎತ್ತಿಟ್ಟಿದ್ದ ಏಳು ಹಾಡುಗಳನ್ನು ಸೇರಿಸಿದರು. 1975ರ ಫೆಬ್ರವರಿಯಲ್ಲಿ ಬಂದ 'ಫಿಸಿಕಲ್ ಗ್ರಾಫಿಟಿ' ಹೀಗೆ ಹದಿನೈದು ಹಾಡಿನ ಜೋಡಿ ಆಲ್ಬಮ್ ಆಯಿತು. ಆ ಏಳರಲ್ಲಿ 'ಹೌಸಸ್ ಆಫ್ ದ ಹೋಲಿ' ಕೂಡ ಇದೆ. ಅದೇ ಹೆಸರಿನ ಆಲ್ಬಮ್ 1973ರಲ್ಲೇ ಬಂದಿತ್ತು, ಅದರಲ್ಲಿ ಆ ಹಾಡಿಗೇ ಜಾಗ ಸಿಕ್ಕಿರಲಿಲ್ಲ! 'ನೈಟ್ ಫ್ಲೈಟ್' 1971ರದ್ದು, 'ಸ್ಟೇರ್‌ವೇ' ಇರುವ ನಾಲ್ಕನೇ ಆಲ್ಬಮ್ಮಿನ ಹೊತ್ತಿಗೆ ಮಾಡಿದ್ದು. ಅದನ್ನು ನಿಮ್ಮ ಮೊದಲ ಗೆಳೆಯನಿಗೆ ಒಮ್ಮೆ ಕೇಳಿಸಿ. ಮೂರೂವರೆ ನಿಮಿಷ, ಜಾನ್ ಪಾಲ್ ಜೋನ್ಸ್ ಅವರ ಆರ್ಗನ್ ಮುಂದೆ, ರಾಬರ್ಟ್ ಪ್ಲಾಂಟ್ ಗಂಟಲು ಬಿಚ್ಚಿ ಹಾಡಿದ್ದಾರೆ. ಹಿಟ್ ಆಗಲು ಬೇಕಾದದ್ದೆಲ್ಲ ಇದೆ. ನಾಲ್ಕನೇ ಆಲ್ಬಮ್ಮಿನ ಎಂಟು ಹಾಡಿನ ನಡುವೆ ತೂರಲು ಆಗಲಿಲ್ಲ, ಅಷ್ಟೇ.

ಮೂರನೆಯದು ವೇದಿಕೆ. ಆ ಕಾಲದಲ್ಲಿ ಊರೂರು ಸುತ್ತಿ ನುಡಿಸಿದ ಹಾಡು ಜನರ ಬಾಯಲ್ಲಿ ಉಳಿಯುತ್ತಿತ್ತು. 'ಇನ್ ದ ಲೈಟ್' ಅನ್ನು ಬ್ಯಾಂಡ್ ಒಮ್ಮೆಯೂ ವೇದಿಕೆಯಲ್ಲಿ ನುಡಿಸಲಿಲ್ಲ, ಏಕೆಂದರೆ ಜೋನ್ಸ್ ಸಿಂಥಸೈಜರಿನಲ್ಲಿ ತೆಗೆದ ಆ ನಾದ ಸ್ಟುಡಿಯೋ ಹೊರಗೆ ಬರುತ್ತಿರಲಿಲ್ಲ. ಶುರುವಿನಲ್ಲಿ ಶ್ರುತಿ ಹಿಡಿದು ನಿಂತ ಆ ದನಿಯನ್ನು ಕೇಳಿ. ತಂಬೂರಿ ಕೇಳಿ ಬೆಳೆದ ನಮ್ಮ ಕಿವಿಗೆ ಅದು ಬೇಗ ಹತ್ತಿರವಾಗುತ್ತದೆ. ಬ್ಯಾಂಡ್‌ನ ಗಿಟಾರ್ ವಾದಕ ಜಿಮ್ಮಿ ಪೇಜ್ ಅಲ್ಲಿ ಅಕೂಸ್ಟಿಕ್ ಗಿಟಾರಿನ ತಂತಿಗಳ ಮೇಲೆ ಪಿಟೀಲಿನ ಕಮಾನು ಎಳೆದಿದ್ದಾರೆ. ಇನ್ನು 'ಫಾರ್ ಯುವರ್ ಲೈಫ್' 1976ರ 'ಪ್ರೆಸೆನ್ಸ್' ಆಲ್ಬಮ್ಮಿನದು. 1975ರ ಆಗಸ್ಟಿನಲ್ಲಿ ಗ್ರೀಸಿನ ರೋಡ್ಸ್ ದ್ವೀಪದಲ್ಲಿ ಪ್ಲಾಂಟ್ ಅವರ ಕಾರು ಅಪಘಾತವಾಯಿತು, ಪ್ರವಾಸ ರದ್ದಾಯಿತು. ಅದೇ ನವೆಂಬರಿನಲ್ಲಿ ಮ್ಯೂನಿಕ್‌ನಲ್ಲಿ ಹದಿನೆಂಟೇ ದಿನದಲ್ಲಿ ಆಲ್ಬಮ್ ಮುಗಿಸಿದರು. ಪ್ಲಾಂಟ್ ಗಾಲಿಕುರ್ಚಿಯಲ್ಲಿ ಕೂತು ಹಾಡಿದರು. ಕೀಬೋರ್ಡ್ ಎಂಬುದೇ ಇಲ್ಲ, ಹೆಚ್ಚಾಗಿ ಗಿಟಾರ್, ಬೇಸ್, ಡ್ರಮ್ಸ್. 'ಫಾರ್ ಯುವರ್ ಲೈಫ್' ಹಾಡಿನಲ್ಲಿ ಪೇಜ್ ಟ್ರೆಮೊಲೊ ಬಾರ್ ಒತ್ತಿ ಸ್ವರವನ್ನು ಕೆಳಗೆ ಜಾರಿಸುತ್ತಾರಲ್ಲ, ಆ ಜಾಗದಲ್ಲಿ ಪ್ರತಿ ಸಲ ನನಗೆ ಮೈ ಜುಮ್ಮೆನ್ನುತ್ತದೆ. ಇಷ್ಟು ಗಟ್ಟಿಯಾದ ಹಾಡು ಮೊದಲ ಸಲ ವೇದಿಕೆ ಕಂಡದ್ದು 2007ರ ಡಿಸೆಂಬರ್ 10ರಂದು, ಲಂಡನ್ನಿನ ಓ2 ಸಭಾಂಗಣದಲ್ಲಿ. ಆಗ ಬ್ಯಾಂಡ್‌ನ ಡ್ರಮ್ಸ್ ವಾದಕ ಜಾನ್ ಬೋನಮ್ ತೀರಿಕೊಂಡು 27 ವರ್ಷವಾಗಿತ್ತು, ಡ್ರಮ್ಸ್‌ಗೆ ಕೂತದ್ದು ಅವರ ಮಗ ಜೇಸನ್.

ಇದರ ಉಲ್ಟಾ ಕೂಡ ಉಂಟು. 'ಲಿವಿಂಗ್ ಲವಿಂಗ್ ಮೇಡ್' ಎಂಬ ಹಾಡು ಪೇಜ್‌ಗೆ ಇಷ್ಟವಿರಲಿಲ್ಲ. ಆದರೆ ಎರಡನೇ ಆಲ್ಬಮ್ಮಿನಲ್ಲಿ ಅದು 'ಹಾರ್ಟ್‌ಬ್ರೇಕರ್' ಮುಗಿದ ತಕ್ಷಣ ಶುರುವಾಗುತ್ತದೆ, ನಡುವೆ ಉಸಿರಾಡಲು ಬಿಡುವಿಲ್ಲ. ರೇಡಿಯೋದವರು ಎರಡನ್ನೂ ಒಟ್ಟಿಗೆ ಹಾಕಿದರು, ಅದೂ ಹೆಸರಾಯಿತು. ಈಗ ನಿಮ್ಮ ಫೋನಿನ ಆ್ಯಪ್ ಅದೇ ಕೆಲಸ ಮಾಡುತ್ತದೆ. ಜಾಸ್ತಿ ಕೇಳಿದ ಹಾಡು ಮೇಲೆ ಬರುತ್ತದೆ, ಮೇಲೆ ಇರುವುದರಿಂದ ಮತ್ತೂ ಜಾಸ್ತಿ ಕೇಳುತ್ತಾರೆ. ಆಲ್ಬಮ್ ತೆರೆದು ಮೊದಲಿನಿಂದ ಕೊನೆಯವರೆಗೆ ಹಾಕದಿದ್ದರೆ ಉಳಿದ ಹಾಡುಗಳು ನಿಮ್ಮ ಹತ್ತಿರ ಬರುವುದೇ ಇಲ್ಲ.

ಹಾಗಂತ ನಿಮ್ಮ ಎರಡನೇ ಗೆಳೆಯ ಗೆದ್ದ ಹಾಗಲ್ಲ. ಅವನ ಮಾತು ನನಗೆ ಇನ್ನೂ ಜಾಸ್ತಿ ಬೇಸರ ತರಿಸುತ್ತದೆ. ಘಟ್ಟದ ಮೇಲಿನ ಸಂಗೀತ ಕೇಳುಗರನ್ನು ನೋಡಿ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಜೈಪುರ-ಅತ್ರೌಲಿ ಘರಾಣೆಯ ಅಪ್ರಚಲಿತ ರಾಗಗಳನ್ನು ಹಾಡಿ ಹೆಸರಾದವರು. ಅವನ್ನು ಕೇಳಿ ತಲೆದೂಗಿದವರು ಯಮನ್, ಭೈರವಿಯನ್ನು ಕೀಳು ಮಾಡಲಿಲ್ಲ. ಅಪರೂಪದ್ದು ಎಂಬ ಒಂದೇ ಕಾರಣಕ್ಕೆ ರಾಗ ದೊಡ್ಡದಾಗುವುದಿಲ್ಲ, ಹಾಡೂ ಅಷ್ಟೇ. 'ಸ್ಟೇರ್‌ವೇ' ಕೇಳಿ ಕೇಳಿ ನಮಗೆ ಸಾಕಾಗಿರಬಹುದು. ಆದರೆ ರೆಕಾರ್ಡರ್ ಕೊಳಲಿನ ಜೊತೆ ಮೆಲ್ಲಗೆ ಶುರುವಾಗಿ, ಡ್ರಮ್ಸ್ ಅನ್ನು ಅಷ್ಟು ಹೊತ್ತು ತಡೆದು ಹಿಡಿದು, ಆಮೇಲೆ ಬಿಡುವ ಆ ರಚನೆ ಈಗಲೂ ಬೆರಗು. ಅದನ್ನು ಇವತ್ತು ಮೊದಲ ಸಲ ಕೇಳುವ ಹದಿನೈದರ ಹುಡುಗಿಗೆ 'ನೀನು ಅಭಿಮಾನಿ ಅಲ್ಲ' ಎನ್ನುವುದು ಅನ್ಯಾಯ.

ಹಿಂದೆ ಉಳಿದವುಗಳಲ್ಲಿ ಕೆಲವು ನಿಜವಾಗಿಯೂ ದುರ್ಬಲ. ಮೂರನೇ ಆಲ್ಬಮ್ಮಿನ ಕೊನೆಯ ಹಾಡು 'ಹ್ಯಾಟ್ಸ್ ಆಫ್ ಟು ರಾಯ್ ಹಾರ್ಪರ್'. ಪೇಜ್ ಸ್ಲೈಡ್ ಗಿಟಾರ್ ಚೆನ್ನಾಗಿಯೇ ನುಡಿಸಿದ್ದಾರೆ, ಆದರೆ ಪ್ಲಾಂಟ್ ದನಿಯನ್ನು ಎಫೆಕ್ಟ್ ಹಾಕಿ ಎಷ್ಟು ನಡುಗಿಸಿದ್ದಾರೆ ಅಂದರೆ ಹಾಡು ಎಲ್ಲಿಗೂ ಹೋಗುವುದಿಲ್ಲ. 'ಟೀ ಫಾರ್ ಒನ್' ಒಂಬತ್ತು ನಿಮಿಷದ ನಿಧಾನ ಬ್ಲೂಸ್. ಮೂರನೇ ಆಲ್ಬಮ್ಮಿನ 'ಸಿನ್ಸ್ ಐ ಹ್ಯಾವ್ ಬೀನ್ ಲವಿಂಗ್ ಯೂ' ಹಾಡಿನಲ್ಲಿ ಇದೇ ದಾರಿಯನ್ನು ಇವರೇ ಇನ್ನೂ ಚೆನ್ನಾಗಿ ನಡೆದಿದ್ದರು. 'ಕ್ಯಾರೂಸೆಲಾಂಬ್ರಾ' ಬಗ್ಗೆ ಅಭಿಮಾನಿಗಳು ಜಗಳವಾಡುತ್ತಾರೆ. ಹತ್ತು ನಿಮಿಷ ಮೀರಿದ ಆ ಹಾಡಿನ ನಡುವಿನ ನಿಧಾನದ ಭಾಗ ನನಗೆ ಇಷ್ಟ. ಆದರೆ ಸಿಂಥಸೈಜರ್ ಕೆಳಗೆ ಪ್ಲಾಂಟ್ ಮುಳುಗಿಹೋಗಿದ್ದಾರೆ. ಏನು ಹಾಡುತ್ತಿದ್ದಾರೆ ಎಂದು ಕೇಳುವುದೇ ಇಲ್ಲದ ಮೇಲೆ ಅದನ್ನು ಮರೆತ ಮಾಣಿಕ್ಯ ಅನ್ನಲು ನನಗೆ ಮನಸ್ಸು ಬಾರದು.

ನಿಮ್ಮ ಸ್ಪೀಕರಿನ ಬಗ್ಗೆಯೂ ಹೇಳಲೇಬೇಕು. ಟಾಗೋರ್ ಬೀಚಿನಲ್ಲಿ ಸಂಜೆ ಗಾಳಿ, ಅಲೆ, ಜನ. ಅಂಗೈಯಷ್ಟು ಸ್ಪೀಕರ್. ಅಲ್ಲಿ ಗೆಲ್ಲುವುದು ಜೋರಾದ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಇರುವ ಹಾಡು ಮಾತ್ರ. ಚಿಕ್ಕ ಸ್ಪೀಕರಿನಿಂದ ಕೆಳಗಿನ ಸ್ವರಗಳು ಹೊರಗೇ ಬರುವುದಿಲ್ಲ, ಅಂದರೆ ಬೇಸ್ ನುಡಿಸುವ ಜೋನ್ಸ್ ಅವರ ಅರ್ಧ ಕೆಲಸ ನಿಮಗೆ ತಲುಪುತ್ತಿಲ್ಲ. ಎರಡನೇ ಆಲ್ಬಮ್ಮಿನ 'ಲೆಮನ್ ಸಾಂಗ್' ಹಾಡನ್ನು ಬೀಚಿನಲ್ಲಿ ಒಮ್ಮೆ, ಮನೆಯಲ್ಲಿ ಹೆಡ್‌ಫೋನ್ ಹಾಕಿ ಒಮ್ಮೆ ಕೇಳಿ. ಬೇಸ್ ಅಲ್ಲಿ ಬರೀ ತಾಳಕ್ಕೆ ಕೂತಿಲ್ಲ. ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುತ್ತಾ ಹಾಡಿನ ಉದ್ದಕ್ಕೂ ಮಾತಾಡುತ್ತಿದೆ. ಬೀಚಿನಲ್ಲಿ ಅದು ಸಾಧಾರಣ ಬ್ಲೂಸ್ ಅನ್ನಿಸುತ್ತದೆ. ನಮ್ಮ ಕಡೆ ಮಳೆಗಾಲದ್ದೂ ಇದೇ ಕಥೆ. ಹಂಚಿನ ಮಾಡಿನ ಮೇಲೆ ಜುಲೈ ಮಳೆ ಬೀಳುತ್ತಿದ್ದರೆ 'ಇನ್ ದ ಲೈಟ್' ಹಾಡಿನ ಶುರುವಿನ ಮೆಲುದನಿ ಕೇಳುವುದಿಲ್ಲ, ಆ ಶುರು ಇಲ್ಲದಿದ್ದರೆ ಮುಂದಿನ ರಿಫ್‌ಗೆ ಅರ್ಧ ಬಲವೂ ಇಲ್ಲ. ಮೊದಲು ಎಲ್ಲರೂ ಹೆಡ್‌ಫೋನಿನಲ್ಲಿ ಕೇಳಿಕೊಂಡು ಬನ್ನಿ. ಜಗಳ ಬೇಕಾದರೆ ಬೀಚಿನಲ್ಲೇ ಆಡಿ.

ಈಗ ನಿಮ್ಮ 'ಟೆನ್ ಇಯರ್ಸ್ ಗಾನ್'. ನನಗೂ ಇದು ಬಹಳ ಪ್ರೀತಿಯ ಹಾಡು. 'ಫಿಸಿಕಲ್ ಗ್ರಾಫಿಟಿ'ಯ ಮೂರನೇ ಮಗ್ಗುಲಿನ ಕೊನೆಯಲ್ಲಿದೆ. ಈ ಜಾಗವನ್ನು ಗಮನಿಸಿ. ಎಲ್‌ಪಿ ನಿಮಿಷಕ್ಕೆ 33 ಚಿಲ್ಲರೆ ಸುತ್ತು ಒಂದೇ ವೇಗದಲ್ಲಿ ತಿರುಗುತ್ತದೆ. ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಹಾಗಾಗಿ ಒಂದು ಸೆಕೆಂಡಿನ ಹಾಡಿಗೆ ಸಿಗುವ ಗೆರೆಯ ಉದ್ದ ಒಳಗೆ ಹೋದಂತೆ ಕಡಿಮೆಯಾಗುತ್ತದೆ, ಮೇಲಿನ ಸೂಕ್ಷ್ಮ ದನಿಗಳು ಮಂಕಾಗುತ್ತವೆ. ಪೇಜ್ ಈ ಹಾಡಿನಲ್ಲಿ ಹದಿನಾಲ್ಕು ಗಿಟಾರ್ ಪದರಗಳನ್ನು ಒಂದರ ಮೇಲೊಂದು ಜೋಡಿಸಿದ್ದಾರೆ ಎನ್ನುತ್ತಾರೆ. ಅಷ್ಟು ನೇಯ್ಗೆಯ ಹಾಡು ಹೋಗಿ ಕೂತದ್ದು ದನಿ ಮಂಕಾಗುವ ಜಾಗದಲ್ಲಿ! ನಮ್ಮ ಕಡೆಯವರು ಇದನ್ನು ಎಲ್‌ಪಿಯಲ್ಲಿ ಕೇಳಿದ್ದು ಕಡಿಮೆ. ಮಡಗಾಂವ್‌ನಿಂದಲೋ ಮುಂಬೈಯಿಂದಲೋ ಯಾರಾದರೂ ತಂದರೆ ಅದನ್ನು ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುವುದು. 82 ನಿಮಿಷದ ಆಲ್ಬಮ್, ಎರಡು ಮಗ್ಗುಲು ಆ ಕಡೆ, ಎರಡು ಈ ಕಡೆ, ಸರಿಯಾಗಿ ಹಿಡಿಸುತ್ತಿತ್ತು. ಆದರೆ ಇಳಿಸಿದ್ದನ್ನು ಮತ್ತೆ ಇಳಿಸಿ ಪದರಗಳೆಲ್ಲ ಕಲಸಿಹೋಗುತ್ತಿದ್ದವು. 2015ರಲ್ಲಿ ಪೇಜ್ ಅವರೇ ನಿಂತು ರಿಮಾಸ್ಟರ್ ಮಾಡಿಸಿದ ಆವೃತ್ತಿ ಈಗ ಆ್ಯಪ್‌ನಲ್ಲೇ ಇದೆ, ಅದನ್ನೇ ಕೇಳಿ.

ಕೇಳುವಾಗ ಗಿಟಾರ್ ಸೊಲೊಗೆ ಕಾಯಬೇಡಿ. ಎಡಗಿವಿಗೆ ಒಂದು, ಬಲಗಿವಿಗೆ ಒಂದು ಗಿಟಾರ್ ಹಿಡಿದು ಹಾಡಿನ ಉದ್ದಕ್ಕೂ ಹಿಂಬಾಲಿಸಿ. ಮೊದಲು ಒಂಟಿ ಗಿಟಾರ್, ಆಮೇಲೆ ಅದಕ್ಕೊಂದು ಜೊತೆ, ಆಮೇಲೆ ಅವೆರಡಕ್ಕೂ ಮೇಲಿನಿಂದ ಇನ್ನೊಂದು. ಯಾವುದೂ ಇನ್ನೊಂದರ ಜಾಗ ತಿನ್ನುವುದಿಲ್ಲ. ಹಾಡಿನ ಹಿಂದಿನ ಕಥೆಯನ್ನು ಪ್ಲಾಂಟ್ ಅವರೇ ಹೇಳಿದ್ದಾರೆ. ಹತ್ತು ವರ್ಷ ಹಿಂದೆ ಪ್ರೀತಿಸಿದ ಹುಡುಗಿ 'ನಾನು ಬೇಕೋ, ನಿನ್ನ ಅಭಿಮಾನಿಗಳು ಬೇಕೋ' ಎಂದು ಕೇಳಿದ್ದಳು, ಅವರು ಸಂಗೀತ ಆರಿಸಿಕೊಂಡರು. ದೂರಿಲ್ಲ, ಅಳುವಿಲ್ಲ. ಅಷ್ಟು ವರ್ಷದ ಮೇಲೆ ನೆನೆಸಿಕೊಳ್ಳುವ ದನಿ ಅದು. ಕೊನೆಯಲ್ಲಿ ಗಿಟಾರುಗಳೆಲ್ಲ ಒಟ್ಟಾಗಿ ಏರುವಾಗ ಮಾತಿಗೆ ಸಿಗದ್ದನ್ನು ಅವು ಹೇಳಿ ಮುಗಿಸುತ್ತವೆ. 'ಕಾಶ್ಮೀರ್' ಇದೇ ಆಲ್ಬಮ್ಮಿನದು, ಅದರ ಮುಂದೆ ಇದು ಸಣ್ಣ ಹಾಡು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ.

ಡ್ರಮ್ಸ್ ಹುಡುಗನ 'ಫೋರ್ ಸ್ಟಿಕ್ಸ್' ಬೇರೆಯೇ ಜಾತಿಯದು. ಬೋನಮ್ ಪ್ರತಿ ಕೈಯಲ್ಲಿ ಎರಡೆರಡು ಕೋಲು ಹಿಡಿದು ನುಡಿಸಿದ್ದಾರೆ, ಹೆಸರು ಬಂದದ್ದೇ ಅದರಿಂದ. ರಿಫ್ ಐದರ ಲೆಕ್ಕದಲ್ಲಿ ನಡೆದು ನಡುವೆ ಆರಕ್ಕೆ ತಿರುಗುತ್ತದೆ. ರಾಕ್ ಕೇಳುಗರು ಇಲ್ಲಿ ಎಡವುತ್ತಾರೆ. ನಮ್ಮ ಕಡೆಯವರು ಎಡವಬೇಕಿಲ್ಲ. ಝಪ್‌ತಾಲದ ಹತ್ತು ಮಾತ್ರೆ, ದಾದ್ರಾದ ಆರು ಮಾತ್ರೆ ಕೈಗೆ ಹತ್ತಿದ ತಬಲಾ ಹುಡುಗರು ಶಿರಸಿ, ಯಲ್ಲಾಪುರ, ಹೊನ್ನಾವರದಲ್ಲಿ ಬೇಕಾದಷ್ಟಿದ್ದಾರೆ. ನಿಮ್ಮ ಗೆಳೆಯ ಅಂಥ ಒಬ್ಬರ ಜೊತೆ ಕೂತು ಕೈಯಲ್ಲಿ ಎಣಿಸಿ ಹಾಡನ್ನು ಕೇಳಲಿ. ವೇದಿಕೆಯಲ್ಲಿ ಇದನ್ನು ಬ್ಯಾಂಡ್ ನುಡಿಸಿದ್ದಕ್ಕೆ ಇರುವುದು ಒಂದೇ ದಾಖಲೆ, 1971ರ ಕೋಪನ್‌ಹೇಗನ್ನಿನದು. ಹಿಂದೆ ಉಳಿಯಲು ಅದೂ ಒಂದು ಕಾರಣ.

ಈ ಹಾಡಿನ ಇನ್ನೊಂದು ರೂಪ ನಮ್ಮ ದೇಶದಲ್ಲೇ ಹುಟ್ಟಿದೆ. 1972ರಲ್ಲಿ ಪೇಜ್ ಮತ್ತು ಪ್ಲಾಂಟ್ ಇಬ್ಬರೇ ಮುಂಬೈಗೆ ಬಂದು, ಅಲ್ಲಿನ ಕಲಾವಿದರ ಜೊತೆ 'ಫ್ರೆಂಡ್ಸ್' ಮತ್ತು 'ಫೋರ್ ಸ್ಟಿಕ್ಸ್' ಎರಡನ್ನೂ ಮತ್ತೆ ಧ್ವನಿಮುದ್ರಿಸಿದರು. ತಬಲಾ ಇದೆ, ತಂತಿವಾದ್ಯಗಳ ಮೇಳ ಇದೆ. 'ಫೋರ್ ಸ್ಟಿಕ್ಸ್' ಅಲ್ಲಿ 'ಫೋರ್ ಹ್ಯಾಂಡ್ಸ್' ಆಯಿತು. ನಲವತ್ತು ವರ್ಷಕ್ಕೂ ಮೇಲೆ ಕಳ್ಳ ಪ್ರತಿಗಳಲ್ಲಿ ಓಡಾಡಿ, 2015ರಲ್ಲಿ 'ಕೋಡಾ' ಆಲ್ಬಮ್ಮಿನ ಹೊಸ ಆವೃತ್ತಿಯ ಜೊತೆ ಅಧಿಕೃತವಾಗಿ ಬಂತು. ಬೋನಮ್ ಇಲ್ಲದ 'ಫೋರ್ ಸ್ಟಿಕ್ಸ್' ಅದು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ. ಮುಂಬೈ ರೂಪದಲ್ಲಿ ಐದರ ನಡೆ ನೀರಿನ ಹಾಗೆ ಸಲೀಸು. ಬೋನಮ್ ರೂಪದಲ್ಲಿ ಅದೇ ನಡೆ ಮೈಮೇಲೆ ಬರುತ್ತದೆ. ಬೋನಮ್ ಅವರ ಬಲ ಎಲ್ಲಿತ್ತು ಎಂದು ನನಗೆ ಇದಕ್ಕಿಂತ ಚೆನ್ನಾಗಿ ತೋರಿಸಿದ ಹಾಡು ಇನ್ನೊಂದಿಲ್ಲ.

ಹಾಗಾದರೆ ಯಾರದು ಸರಿ? ಹಾಡಾಗಿ ನನ್ನ ಮತ 'ಟೆನ್ ಇಯರ್ಸ್ ಗಾನ್'ಗೆ, ನುಡಿಸಾಣಿಕೆಗಾದರೆ 'ಫೋರ್ ಸ್ಟಿಕ್ಸ್'ಗೆ. ಒಂದರಲ್ಲಿ ಮನಸ್ಸು ತೆರೆದಿಟ್ಟಿದ್ದಾರೆ, ಇನ್ನೊಂದರಲ್ಲಿ ತಾಳದ ಜೊತೆ ಕುಸ್ತಿ ಹಿಡಿದಿದ್ದಾರೆ. 'ಫೋರ್ ಸ್ಟಿಕ್ಸ್' ಹಾಡಿನ ಸಾಹಿತ್ಯ, ದನಿ ಎರಡೂ ನನಗೆ ಅಷ್ಟು ಹಿಡಿಸುವುದಿಲ್ಲ. ಡ್ರಮ್ಸ್ ತೆಗೆದರೆ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆಗೆ ನಿಮ್ಮ ಗೆಳೆಯನೇ ಉತ್ತರ ಕೊಡಲಿ.

ವೇದಿಕೆಗೆ ಮಾತ್ರ ಇವೆರಡೂ ಈಗಲೇ ಬೇಡ. 'ಟೆನ್ ಇಯರ್ಸ್ ಗಾನ್' ನುಡಿಸಲು ಜೆಪ್ಲಿನ್‌ನವರೇ ಕಷ್ಟಪಟ್ಟಿದ್ದರು. 1977ರ ಪ್ರವಾಸದಲ್ಲಿ ಜೋನ್ಸ್ ಮೂರು ಕತ್ತಿನ ಗಿಟಾರ್ ಹೊತ್ತು, ಬೇಸ್ ಸ್ವರಗಳನ್ನು ಕಾಲಿನ ಪೆಡಲ್‌ನಲ್ಲಿ ಒತ್ತಬೇಕಾಯಿತು. ನಿಮ್ಮಲ್ಲಿ ಗಿಟಾರ್ ನುಡಿಸುವವರು ಒಬ್ಬರೇ ಇದ್ದರೆ ಅದು ಬಡವಾಗುತ್ತದೆ. 'ಹೇ ಹೇ ವಾಟ್ ಕ್ಯಾನ್ ಐ ಡೂ' ತೆಗೆದುಕೊಳ್ಳಿ. ಒಂದು ಅಕೂಸ್ಟಿಕ್ ಗಿಟಾರ್, ಬೇಸ್, ಡ್ರಮ್ಸ್ ಸಾಕು. ಮೂಲದಲ್ಲಿ ಜೋನ್ಸ್ ಮ್ಯಾಂಡೊಲಿನ್ ನುಡಿಸಿದ್ದಾರೆ, ಕಾರವಾರದಲ್ಲಿ ಮ್ಯಾಂಡೊಲಿನ್ ಬಲ್ಲವರು ಸಿಕ್ಕರೆ ಕರೆದುಕೊಳ್ಳಿ, ಸಿಗದಿದ್ದರೆ ಎರಡನೇ ಗಿಟಾರಿಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಮೇಲಿನ ಸ್ವರಗಳಲ್ಲಿ ನುಡಿಸಿ. ಕೊನೆಯ ಪಲ್ಲವಿಯನ್ನು ನಾಲ್ವರೂ ಒಟ್ಟಿಗೆ ಹಾಡಬೇಕು, ಹಿಟ್ ಆಗದ ಹಾಡು ಬೇಡ ಎಂದ ಗೆಳೆಯನೂ ಸೇರಿ. ಡ್ರಮ್ಸ್ ಹುಡುಗನಿಗೆ ಬೇಸರವಾದರೆ ಮುಂದಿನ ಸಲಕ್ಕೆ 'ಕೋಡಾ'ದ 'ಪೂರ್ ಟಾಮ್' ಕಲಿಯಲು ಹೇಳಿ. 1970ರಲ್ಲಿ ಮಾಡಿ 1982ರವರೆಗೆ ಎತ್ತಿಟ್ಟಿದ್ದ ಹಾಡು. ಅದರ ಉರುಳುವ ಡ್ರಮ್ಸ್ ನಡೆ ಕೈಗೆ ಹತ್ತಲು ಅವನಿಗೆ ಇಡೀ ಮಳೆಗಾಲ ಬೇಕಾದೀತು.